ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಮಾರ್ಚ್ ೧, ಶುಕ್ರವಾರ

ಹನಿ ಹಾಕಿದ್ದು: ಆರು, ಹತ್ತು, ಎರಡು, ಆರು. ರಾತ್ರಿ ಹತ್ತರದ್ದು ಬಾಕಿ.

ಈ ನೋಟ್‌ಬುಕ್ಕು ಕಣ್ಣಿನ ಡಾಕ್ಟರು ಹೇಳಿ ಇಡಿಸಿದ್ದು. ಹನಿ ಹಾಕಿದ ಹೊತ್ತನ್ನು ಬರೆದಿಡಿ, ಬಾಯಿಲೆಕ್ಕ ಬೇಡ ಎಂದರು. ಬರೆದಾಯಿತು. ಪುಟದಲ್ಲಿ ಇನ್ನೂ ಜಾಗ ಉಳಿದಿದೆ, ಅಕ್ಕ ನನ್ನ ಜೊತೆ ಮಾತಾಡುತ್ತಿಲ್ಲ, ಅದಕ್ಕೆ ಇನ್ನೆರಡು ಸಾಲು ಗೀಚುತ್ತೇನೆ.

ಬುಧವಾರ ಅಕ್ಕನ ಬಲಗಣ್ಣಿನ ಆಪರೇಷನ್ ಆಯಿತು. ಕಣ್ಣಿನ ಹಿಂಭಾಗದ ಪರದೆ ಕಿತ್ತುಬಂದಿತ್ತಂತೆ. ಅದನ್ನು ಮತ್ತೆ ಅಂಟಿಸಿ, ಅಲುಗದ ಹಾಗೆ ಒತ್ತಿಹಿಡಿಯಲು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏಳುತ್ತದೆ. ಅದು ಪರದೆಯನ್ನು ಒತ್ತಬೇಕಾದರೆ ಅಕ್ಕ ಎರಡು ವಾರ ಮುಖವನ್ನು ನೆಲಕ್ಕೆ ಮಾಡಿಕೊಂಡೇ ಇರಬೇಕು. ಊಟಕ್ಕೂ ಹಾಗೇ, ನಿದ್ದೆಗೂ ಹಾಗೇ. ಗಂಟೆಗೆ ಹತ್ತು ನಿಮಿಷ ಮಾತ್ರ ತಲೆ ಎತ್ತಬಹುದು. ಎಡಗಣ್ಣು ಹದಿನೈದು ವರ್ಷದ ಹಿಂದೆ ಇದೇ ಕಾಯಿಲೆಗೆ ಹೋಯಿತು. ಉಳಿದಿರುವುದು ಇದೊಂದೇ. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು, ನಿವೃತ್ತಿಯಾದ ಮೇಲೂ ದಿನ ತಪ್ಪದೆ ಪೆನ್ಸಿಲ್ ಹಿಡಿಯುವವಳು. ಈ ಕಣ್ಣೂ ಹೋದರೆ ಅವಳಿಗೆ ಏನು ಉಳಿಯುತ್ತದೆ?

ಮಂಚದ ತುದಿಯಲ್ಲಿ ಹಣೆ ಊರಲು ನಡುವೆ ತೂತಿರುವ ದಿಂಬೊಂದನ್ನು ಹೊಲಿದುಕೊಟ್ಟಿದ್ದೇನೆ. ಅದರಲ್ಲಿ ಮುಖ ಇಟ್ಟು ನೆಲ ನೋಡುತ್ತಾ ಮಲಗಿದ್ದಾಳೆ. ನೋಡುತ್ತಾ ಎಂದು ಕೈತಪ್ಪಿ ಬರೆದೆ. ಗುಳ್ಳೆ ಕರಗುವ ತನಕ ಬರೀ ಮಬ್ಬು.

ಕಿತ್ತುಬಂದ ಪರದೆಯನ್ನು ಹೊಲಿಯುವುದಕ್ಕೆ ಆಗುವುದಿಲ್ಲವೇ ಎಂದು ಡಾಕ್ಟರನ್ನು ಕೇಳಿದ್ದೆ. ಅವರು ನಕ್ಕರು, ಅಕ್ಕ ನಗಲಿಲ್ಲ. ಮಾತು ಬಿಟ್ಟಿರುವುದು ಅದಕ್ಕೇ ಇರಬೇಕು.

ಮಾರ್ಚ್ ೨, ಶನಿವಾರ

ಮಾತಾಡಿದಳು. ಮಾತಾಡದೇ ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಎರಡು ವರ್ಷದಿಂದ ಕಾಯುತ್ತಿದ್ದ ಚಿತ್ರಪ್ರದರ್ಶನ ಇವತ್ತು ಶುರುವಾಗಿದೆ. ಅವಳಿಗೆ ತುಂಬ ಇಷ್ಟವಾದ ಒಬ್ಬ ಕಲಾವಿದೆಯ ನಲವತ್ತು ಚಿತ್ರಗಳು. ಅಕ್ಕ ಒಂದು ಶನಿವಾರವೂ ಗ್ಯಾಲರಿ ತಪ್ಪಿಸಿದವಳಲ್ಲ.

“ಏಳು ವಾರ ಇರುತ್ತೆ. ನೀನು ಹೋಗಿ ನೋಡ್ಕೊಂಡು ಬಾ.”

“ನಾನಾ?”

“ನೀನಲ್ದೆ ಈ ನೆಲ ಹೋಗುತ್ತಾ?”

ನಾನು ಪ್ಯಾಂಟು ಮೊಟಕು ಮಾಡುವವನು. ಬೀದಿ ಕಡೆಯ ಕೋಣೆಯೇ ನನ್ನ ಅಂಗಡಿ. ಬೇರೆಯವರು ಹೊಲಿದದ್ದನ್ನು ಸರಿಮಾಡಿ ಕೊಡುವುದು ನನ್ನ ಕಸುಬು. ಹೊಸದಾಗಿ ಒಂದು ಅಂಗಿ ಹೊಲಿಯುವ ತಲೆ ನನಗಿಲ್ಲ, ಇದೆ ಎಂದು ಯಾವತ್ತೂ ಹೇಳಿಕೊಂಡವನೂ ಅಲ್ಲ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹಂಚಿಕೊಟ್ಟಿದ್ದರು, ತಲೆ ಅವಳಿಗೆ, ಕೈ ನನಗೆ. ಚಿತ್ರಪ್ರದರ್ಶನಕ್ಕೆ ಹೋಗುವುದೂ ಹಲ್ಲು ಕೀಳಿಸಿಕೊಳ್ಳುವುದೂ ನನ್ನ ಮಟ್ಟಿಗೆ ಒಂದೇ.

ಅವಳದ್ದು ಒಂದು ನಿಯಮ ಬೇರೆ. “ಒಂದು ಸಲಕ್ಕೆ ಒಂದೇ ಚಿತ್ರ ಪುಟ್ಟ. ಇಪ್ಪತ್ತು ನಿಮಿಷ ಅದರ ಮುಂದೆ ನಿಂತ್ಕೋ. ಎರಡನೇದು ನೋಡಿದ್ರೆ ನಂಗೆ ಗೊತ್ತಾಗುತ್ತೆ.”

ನನಗೆ ಐವತ್ತೇಳು. ಪುಟ್ಟ ಎಂದು ಕರೆಯುವವಳು ಭೂಮಿಯ ಮೇಲೆ ಇವಳೊಬ್ಬಳೇ.

ಮಾರ್ಚ್ ೩, ಭಾನುವಾರ

ಪಕ್ಕದ ಮನೆಯಾಕೆಯನ್ನು ಅಕ್ಕನ ಹತ್ತಿರ ಕೂರಿಸಿ ಹೋಗಿಬಂದೆ. ಇಪ್ಪತ್ತೆರಡು ಮೆಟ್ಟಿಲು. ನಾಲ್ಕು ಕೋಣೆ, ಬಿಳಿ ಗೋಡೆ, ನಡೆದರೆ ಕಿರುಗುಟ್ಟುವ ಮರದ ನೆಲ. ಮೊದಲ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಒಬ್ಬ ಕಾವಲಿನ ಹೆಂಗಸು. ಬೂದು ಸಮವಸ್ತ್ರ, ಎಡತೋಳಿನ ಹೊಲಿಗೆ ಬಿಟ್ಟಿದೆ.

ಬಾಗಿಲಿಗೆ ಹತ್ತಿರವಿದ್ದ ಚಿತ್ರದ ಮುಂದೆ ನಿಂತೆ. ಒಬ್ಬ ಗಂಡಸು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾನೆ, ಬೆನ್ನ ಹಿಂದೆ ಬೆಳಕು. ಅವನ ಪ್ಯಾಂಟು ಒಂದೂವರೆ ಇಂಚು ಉದ್ದವಾಗಿದೆ. ಅಷ್ಟು ಎರಡು ನಿಮಿಷದಲ್ಲಿ ನೋಡಿ ಮುಗಿಯಿತು. ಉಳಿದ ಹದಿನೆಂಟು ನಿಮಿಷದಲ್ಲಿ ಆರು ಸಲ ಗಡಿಯಾರ ನೋಡಿದೆ. ಅಕ್ಕನಿಗೆ ಅಳತೆಯನ್ನಾದರೂ ಹೇಳೋಣವೆಂದು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಚಿತ್ರದ ಹತ್ತಿರ ಹಿಡಿದೆ.

“ಸರ್, ಚಿತ್ರ ಅಳೆಯೋ ಹಾಗಿಲ್ಲ,” ಎಂದಳು ಕಾವಲಿನಾಕೆ. “ಇಲ್ಲಿ ಸೇರಿದ ಮೇಲೆ ಈ ಮಾತು ಇದೇ ಮೊದಲು ಹೇಳ್ತಿರೋದು.”

ಮನೆಗೆ ಬಂದೆ. ಹೇಗಿತ್ತು ಎಂದಳು ಅಕ್ಕ. ಚೆನ್ನಾಗಿತ್ತು ಎಂದೆ.

“ಚೆನ್ನಾಗಿತ್ತು ಅನ್ನೋದನ್ನ ನಿನ್ನ ಗಿರಾಕಿಗಳಿಗೆ ಹೇಳು. ಬೆಳಕು ಎಲ್ಲಿಂದ ಬರ್ತಿತ್ತು? ಕತ್ತಲೆ ತೆಳುವೋ ದಪ್ಪವೋ?”

ಕತ್ತಲೆಯಲ್ಲಿ ದಪ್ಪ ತೆಳು ಇರುತ್ತದೆಯೇ? ಬೆಬ್ಬೆಬ್ಬೆ ಎಂದೆ.

“ನಲವತ್ತು ವರ್ಷ ಬಟ್ಟೆ ನೋಡಿದ್ದೀಯ, ನಿಂಗೆ ಕಣ್ಣಿಲ್ವಾ?” ಎಂದವಳು ಆ ಮಾತು ಕೇಳಿ ತಾನೇ ಸುಮ್ಮನಾದಳು. ಹನಿ ಎಲ್ಲ ಹೊತ್ತಿಗೆ ಸರಿಯಾಗಿ ಹಾಕಿದೆ.

ಮಾರ್ಚ್ ೫, ಮಂಗಳವಾರ

ಇವತ್ತು ಒಂದು ಕೋಟಿನ ಒಳಪದರ ಬದಲಿಸುತ್ತಿದ್ದೆ. ಹಳೆಯ ಸ್ಯಾಟಿನ್ ತುಂಡು ಕೈಯಿಂದ ಜಾರಿ ಜಾರಿ ಬಿತ್ತು. ಆ ಬಾಗಿಲಿನ ಬೆಳಕು ಹೀಗೇ ಇತ್ತಲ್ಲ, ನೆಲದ ಮೇಲೆ ಜಾರಿ ಬಿದ್ದ ಹಾಗೆ ಎನ್ನಿಸಿತು. ಚಿಂದಿಯ ಚೀಲಕ್ಕೆ ಕೈಹಾಕಿ ಕಪ್ಪು ವೆಲ್ವೆಟ್ಟಿನ ಒಂದು ತುಂಡು ಹುಡುಕಿದೆ. ಎರಡನ್ನೂ ಒಳಗೆ ತೆಗೆದುಕೊಂಡು ಹೋಗಿ ಅಕ್ಕನ ಕೈಗಿಟ್ಟೆ.

“ಕತ್ತಲೆ ಇದು. ಬೆಳಕು ಇದು.”

ಬೆರಳಲ್ಲಿ ಉಜ್ಜಿದಳು. ತುಂಬ ಹೊತ್ತು ಉಜ್ಜಿದಳು. “ಬೆಳಕು ಎಷ್ಟಗಲ?” ಎಂದಳು. ಹೇಳುವುದಕ್ಕಿಂತ ಮಾಡಿತೋರಿಸುವುದೇ ಸುಲಭ ಎಂದು ಹಳೆಯ ದುಪ್ಪಟಿಯ ಒಂದು ತುಂಡಿನ ಮೇಲೆ ವೆಲ್ವೆಟ್ಟು ಹೊಲಿದು, ನಡುವೆ ಸ್ಯಾಟಿನ್ನು ಇಟ್ಟು, ಆ ಗಂಡಸನ್ನು ಒರಟು ಜೀನ್ಸಿನಲ್ಲಿ ಕತ್ತರಿಸಿ ಕೂರಿಸಿದೆ. ಅವಳ ಮುಖದ ಕೆಳಗೆ ಸ್ಟೂಲು ಇಟ್ಟು ಅದರ ಮೇಲೆ ಹಾಸಿದೆ. ಮಂಚದಿಂದ ಕೈ ಇಳಿಬಿಟ್ಟು ಮುಟ್ಟಿ ನೋಡತೊಡಗಿದಳು.

“ಇವನು ಹೊರಡ್ತಿಲ್ಲ ಕಣೋ. ಈಗ ಬಂದಿದ್ದಾನೆ.”

“ಹೇಗೆ ಗೊತ್ತು?”

“ಕಾಲು ನೋಡು. ನೀನೇ ಇಟ್ಟಿದ್ದೀಯ.”

ಮಾರ್ಚ್ ೬, ಬುಧವಾರ

ಮತ್ತೆ ಹೋಗಿ ನೋಡಿದೆ. ಪಾದ ಒಳಗೆ ತಿರುಗಿದೆ, ಅವನು ಬಂದಿರುವುದೇ ಹೌದು. ಪ್ಯಾಂಟಿನ ಉದ್ದ ಮಾತ್ರ ನೋಡಿದ ನನ್ನ ತಲೆಗೆ ಇದು ಹೋಗಿರಲಿಲ್ಲ, ಕೈಗೆ ಹೇಗೆ ಹೋಯಿತೋ.

ಮಾರ್ಚ್ ೯, ಶನಿವಾರ

ಕೆಟ್ಟ ದಿನ.

ಮುಖ ನೆಲಕ್ಕೆ ಹಾಕಿ ಹತ್ತು ದಿನ. ಕುತ್ತಿಗೆ ಬಿಗಿದು ಕಲ್ಲಾಗಿದೆ, ಹಣೆಯಲ್ಲಿ ದಿಂಬಿನ ಗುರುತು, ಮುಖ ಊದಿಕೊಂಡಿದೆ. ಮಧ್ಯಾಹ್ನ ಹನಿ ಹಾಕಲು ಹೋದರೆ ಎದ್ದು ನೆಟ್ಟಗೆ ಕೂತಿದ್ದಾಳೆ. ಹತ್ತು ನಿಮಿಷ ಮುಗಿದು ಎಷ್ಟು ಹೊತ್ತಾಗಿತ್ತೋ. ಮಲಗು ಎಂದೆ. ಮಲಗುವುದಿಲ್ಲ ಎಂದಳು.

“ಸಾಕಾಯ್ತು ಪುಟ್ಟ. ಹೋದ್ರೆ ಹೋಗ್ಲಿ. ಎಡಗಣ್ಣಿಗೂ ಹೀಗೇ ಮಾಡಿದ್ದೆ, ಅದು ಉಳೀತಾ?”

ನಾನು ಕಿರುಚಿದೆ. ಅಕ್ಕನ ಮೇಲೆ ನಾನು ದನಿ ಎತ್ತಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಮಲಗಿದಳು, ಆದರೆ ನನ್ನ ಮಾತಿಗೆ ಮಲಗಿದ್ದಲ್ಲ, ದಣಿದು ಮಲಗಿದ್ದು. ಆಮೇಲೆ ನೆಲದ ಮೇಲೆ ಎರಡು ಹನಿ ನೀರು ಬಿದ್ದಿದ್ದು ನೋಡಿದೆ. ಔಷಧದ ಹನಿಯಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಇನ್ನು ಐದು ದಿನ. ನಾನು ಅಂಗಡಿಯಲ್ಲಿದ್ದಾಗ ಅವಳು ಮತ್ತೆ ಎದ್ದು ಕೂತರೆ ನನಗೆ ಗೊತ್ತಾಗುವುದೂ ಇಲ್ಲ.

ಮಾರ್ಚ್ ೧೦, ಭಾನುವಾರ

ಬೆಳಿಗ್ಗೆ ಅವಳು ಕೇಳದಿದ್ದರೂ ಗ್ಯಾಲರಿಗೆ ಹೋದೆ. ಮನೆಯಲ್ಲಿ ಅವಳ ಮೌನ ತಡೆಯಲಾಗಲಿಲ್ಲ. ಮೂರನೇ ಕೋಣೆಯಲ್ಲಿ ಒಂದು ದೊಡ್ಡ ಚಿತ್ರ: ಯಾವುದೋ ಆಸ್ಪತ್ರೆಯ ಉದ್ದನೆಯ ಬೆಂಚು, ಅದರ ಮೇಲೆ ಇಬ್ಬರು ಹೆಂಗಸರು, ಒಬ್ಬಳು ಹಸಿರು ಕೋಟು, ಇನ್ನೊಬ್ಬಳು ಕಂದು ಶಾಲು. ಇಬ್ಬರೂ ಎದುರಿಗೆ ನೋಡುತ್ತಾ ಕೂತಿದ್ದಾರೆ. ಇಪ್ಪತ್ತು ನಿಮಿಷ ನಿಲ್ಲುವ ಸಹನೆ ಇರಲಿಲ್ಲ, ಅಕ್ಕ ಏನು ಮಾಡುತ್ತಿದ್ದಾಳೋ ಎಂದು ಜೀವ ಅಲ್ಲೇ ಇತ್ತು. ಓಡಿಬಂದೆ. ಓಡಿಬಂದವನು ಗಡಿಬಿಡಿಯಲ್ಲೇ ಕತ್ತರಿಸಿದೆ, ಗಡಿಬಿಡಿಯಲ್ಲೇ ಹೊಲಿದೆ. ಹಸಿರು ಕೋಟಿಗೆ ಉಣ್ಣೆ, ಶಾಲಿಗೆ ಹಳೆಯ ಫ್ಲಾನೆಲ್, ಬೆಂಚಿಗೆ ಕಾಲರಿನೊಳಗೆ ಹಾಕುವ ಗಟ್ಟಿ ಕ್ಯಾನ್ವಾಸು.

“ಬೇಡ,” ಎಂದಳು ಅಕ್ಕ.

“ಮುಟ್ಟಬೇಡ ಹಾಗಾದ್ರೆ. ಸ್ಟೂಲಿನ ಮೇಲೆ ಇಟ್ಟಿರ್ತೀನಿ,” ಎಂದು ಹೊರಗೆ ಬಂದೆ.

ಅರ್ಧ ಗಂಟೆ ಬಿಟ್ಟು ಬಾಗಿಲ ಸಂದಿಯಿಂದ ಇಣುಕಿದೆ. ಅವಳ ಎರಡೂ ಕೈ ಬಟ್ಟೆಯ ಮೇಲಿತ್ತು. ನಾನು ಬಂದದ್ದು ಅವಳಿಗೆ ಹೇಗೋ ತಿಳಿಯಿತು.

“ಒರಗಿಕೊಂಡಿದ್ದಾರೆ.”

“ಯಾರು?”

“ಇವರಿಬ್ಬರು. ಭುಜಕ್ಕೆ ಭುಜ ಕೊಟ್ಟು ಕೂತಿದ್ದಾರೆ. ಒಳಗಿಂದ ಯಾರು ಏನು ಹೇಳ್ತಾರೋ ಅಂತ ಕಾಯ್ತಾ ಇದ್ದಾರೆ. ಆದ್ರೆ ಒರಗಿಕೊಳ್ಳೋಕೆ ಒಬ್ರಿಗೊಬ್ರು ಇದ್ದಾರೆ.”

ನನಗೆ ಹಾಗೆ ನೋಡಿದ ನೆನಪಿರಲಿಲ್ಲ. ಹೂಂ ಎಂದೆ. ಆಮೇಲೆ ಇವತ್ತಿಡೀ ಅವಳು ತನ್ನ ಹತ್ತು ನಿಮಿಷವನ್ನೂ ಕೇಳಲಿಲ್ಲ. ಸ್ಟೂಲು ಸರಿಸಲು ಹೋದರೆ ಕೈ ಹಿಡಿದುಕೊಂಡಳು. “ಇದು ಇಲ್ಲೇ ಇರ್ಲಿ. ಕಣ್ಣು ಬಿಟ್ಟ ಮೇಲೆ ಎಲ್ಲಕ್ಕಿಂತ ಮೊದಲು ನೋಡೋದು ಈ ಚಿತ್ರಾನೇ.”

ಹನಿ ಐದು ಸಲವೂ ಹಾಕಿಸಿಕೊಂಡಳು.

ಮಾರ್ಚ್ ೧೨, ಮಂಗಳವಾರ

ತಪ್ಪಾಗಿದೆ.

ಮೂರನೇ ಕೋಣೆಗೆ ಮತ್ತೆ ಹೋಗಿದ್ದೆ. ಆ ಇಬ್ಬರು ಒರಗಿಕೊಂಡಿಲ್ಲ. ನಡುವೆ ಒಂದು ಗೇಣು ಜಾಗವಿದೆ. ಬರೀ ಜಾಗವಲ್ಲ, ಇಡೀ ಚಿತ್ರ ಇರುವುದೇ ಆ ಜಾಗದಲ್ಲಿ. ಅಷ್ಟು ಹತ್ತಿರ ಕೂತವರು ಒಬ್ಬರನ್ನೊಬ್ಬರು ಮುಟ್ಟುತ್ತಿಲ್ಲ, ಮುಟ್ಟುವುದೂ ಇಲ್ಲ. ಮೊನ್ನೆ ಇದನ್ನೇ ನೋಡಿ ಹೋದೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆಗೆ ಬಂದು ಯೋಚಿಸಿದ ಮೇಲೆ ಹೊಳೆಯಿತು. ಬಟ್ಟೆಗೆ ಕತ್ತರಿ ಹಾಕುವಾಗ ನನ್ನ ಕೈ ತಾನಾಗಿಯೇ ಸುತ್ತಲೂ ಅರ್ಧ ಇಂಚು ಬಿಡುತ್ತದೆ, ಹೊಲಿಗೆಗೆ. ನಲವತ್ತು ವರ್ಷದ ಅಭ್ಯಾಸ, ಹೇಳಿದರೂ ಕೇಳುವುದಿಲ್ಲ. ಹಾಗೆ ಬಿಟ್ಟದ್ದನ್ನು ಒಳಗೆ ಮಡಿಸಿ ಹೊಲಿಯಬೇಕು. ಭಾನುವಾರದ ಗಡಿಬಿಡಿಯಲ್ಲಿ ಮಡಿಸಲೇ ಇಲ್ಲ. ಹಸಿರು ಕೋಟಿನಾಕೆ ಅರ್ಧ ಇಂಚು ಈ ಕಡೆ ಬಂದಳು, ಶಾಲಿನಾಕೆ ಅರ್ಧ ಇಂಚು ಆ ಕಡೆ. ನನ್ನ ಚಿಕ್ಕ ಬಟ್ಟೆಯಲ್ಲಿ ಆ ಗೇಣು ಒಂದೇ ಇಂಚು, ಅದೂ ಹೋಯಿತು.

ಅಕ್ಕನಿಗೆ ಹೇಳಬೇಕೆಂದು ಬಾಗಿಲ ತನಕ ಹೋದೆ. ಅವಳು ಬೆರಳನ್ನು ಆ ಇಬ್ಬರ ಭುಜದ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಮುಖ ದಿಂಬಿನಲ್ಲೇ ಇತ್ತು. ಇನ್ನು ಎರಡು ದಿನ. ಮಾತು ನುಂಗಿಕೊಂಡು ಹಿಂದೆ ಬಂದೆ.

ಮಾರ್ಚ್ ೧೪, ಗುರುವಾರ

ತಲೆ ಎತ್ತಬಹುದು ಎಂದರು ಡಾಕ್ಟರು. ಪರದೆ ಅಂಟಿಕೊಂಡ ಹಾಗಿದೆ. ಎಷ್ಟು ಕಾಣುತ್ತದೆ ಎನ್ನುವುದು ಗುಳ್ಳೆ ಕರಗಿದ ಮೇಲೆಯೇ ಗೊತ್ತಾಗುವುದು, ಐದು ವಾರ ತಾಳಿ ಎಂದರು. ಅಕ್ಕ ಮನೆಯ ಚಾವಣಿ ನೋಡಿಯೇ ಹದಿನೈದು ದಿನವಾಗಿತ್ತು. ಈಗ ನೋಡಿದರೂ ಅದು ಕಾಣುವುದಿಲ್ಲ, ಆದರೂ ತುಂಬ ಹೊತ್ತು ಮುಖ ಮೇಲೆ ಮಾಡಿಕೊಂಡು ಕೂತಿದ್ದಳು.

ಮಾರ್ಚ್ ೨೩, ಶನಿವಾರ

ಇವತ್ತಿಗೆ ಒಂಬತ್ತು ಚಿತ್ರಗಳಾದವು. ಕಾವಲಿನಾಕೆಗೆ ನನ್ನ ಗುರುತು ಸಿಕ್ಕಿದೆ, ಟೇಪು ಸರ್ ಎಂದು ಹೆಸರಿಟ್ಟಿದ್ದಾಳೆ. ಅವಳ ಎಡತೋಳನ್ನು ಅವಳ ಸ್ಟೂಲಿನ ಪಕ್ಕದಲ್ಲೇ ನಿಂತು ಹೊಲಿದುಕೊಟ್ಟೆ.

“ಜನ ಒಂದು ಚಿತ್ರಕ್ಕೆ ಎಷ್ಟು ಹೊತ್ತು ನಿಲ್ತಾರೆ ಗೊತ್ತಾ ಸರ್? ಹತ್ತು ಎಣಿಸೋ ಅಷ್ಟು. ನೀವು ಮೊದಲನೇ ದಿನ ಗಡಿಯಾರ ನೋಡ್ತಾ ನಿಂತಿದ್ರಿ. ಇವತ್ತು ನಲವತ್ತು ನಿಮಿಷ ಆಯ್ತು, ನಾನು ಊಟಕ್ಕೆ ಹೋಗಿ ಬಂದೆ.”

ಅಷ್ಟು ಹೊತ್ತಾಗಿತ್ತೇ? ಕಾಲು ನೋಯುತ್ತಿದ್ದದ್ದು ಅದಕ್ಕೇ.

ಇವತ್ತು ನೋಡಿದ್ದು ಒಂದು ಅಡುಗೆಮನೆಯ ಚಿತ್ರ. ಮೇಜಿನ ಮೇಲೆ ಒಂದು ಚಾಕು, ಅರ್ಧ ಕತ್ತರಿಸಿದ ಬ್ರೆಡ್ಡು, ಬೇರೇನೂ ಇಲ್ಲ. ಗೋಡೆ ಹಳದಿ ಎಂದು ಮೊದಲು ಅನ್ನಿಸುತ್ತದೆ. ನಿಂತರೆ ಹಳದಿಯ ಕೆಳಗೆ ಹಸಿರು ಕಾಣುತ್ತದೆ, ಇನ್ನೂ ನಿಂತರೆ ಅದರ ಕೆಳಗೆ ಯಾರೋ ಅಳಿಸಿದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂರುತ್ತಿದ್ದವರು ಈಗ ಇಲ್ಲ ಎಂದು ಗೊತ್ತಾಗುವ ಹೊತ್ತಿಗೆ ಬ್ರೆಡ್ಡು ಯಾಕೆ ಅರ್ಧ ಮಾತ್ರ ಕತ್ತರಿಸಿದೆ ಎಂಬುದೂ ಗೊತ್ತಾಗುತ್ತದೆ. ಇದನ್ನು ಬಟ್ಟೆಯಲ್ಲಿ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಕೊನೆಗೆ ಕುರ್ಚಿಯನ್ನು ಹಗ್ಗದಲ್ಲಿ ಹೊಲಿದು, ಅದರ ಮೇಲೆ ಮೂರು ಪದರ ತೆಳು ಮಲ್ ಬಟ್ಟೆ ಹಾಸಿದೆ. ಅಕ್ಕನ ಬೆರಳು ಗೋಡೆಯ ಮೇಲೆ ಓಡಾಡಿ, ಮುಂದೆ ಹೋಗಿ, ನಿಂತು, ಹಿಂದೆ ಬಂತು.

“ಇಲ್ಲೇನೋ ಇದೆ.”

ಹುಡುಕಿದಳು. ಸಿಕ್ಕಿತು. ಅವಳ ಮುಖ ಆಗ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ನನಗೆ ಮಾತ್ರ ಇಡೀ ಸಂಜೆ ಹೊಟ್ಟೆ ತುಂಬಿದ ಹಾಗಿತ್ತು.

ಬ್ಯಾಂಕಿನ ಮೇನೇಜರ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಮೊಟಕಾಗಿದೆಯಂತೆ. ಬೈದು ಹೋದರು. ತಪ್ಪು ನನ್ನದೇ.

ಎಂಟನೇ ಕೋಣೆ ಹನ್ನೆರಡನೇ ಕೋಣೆ ಎಂದು ಇಲ್ಲದ ಕೋಣೆಗಳೂ ಕನಸಿನಲ್ಲಿ ಬರುತ್ತಿವೆ. ವಯಸ್ಸಾಯಿತು.

ಏಪ್ರಿಲ್ ೧, ಸೋಮವಾರ

ಗ್ಯಾಲರಿಗೆ ರಜೆ. ಅಭ್ಯಾಸಬಲದಿಂದ ಆ ಕಡೆಗೇ ನಡೆದು, ಬಾಗಿಲು ಮುಚ್ಚಿದ್ದು ನೋಡಿ ಹಿಂದೆ ಬಂದೆ. ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಯಾರೋ ಹಗ್ಗ ಕಟ್ಟಿ ಕೆಲಸದವರ ನೀಲಿ ಅಂಗಿಗಳನ್ನು ಒಣಹಾಕಿದ್ದರು. ಆರು ಅಂಗಿ. ಐದು ಒಂದೇ ಅಳತೆ, ಒಂದು ತೀರ ಚಿಕ್ಕದು. ಗಾಳಿ ಬಂದಾಗ ಐದೂ ಒಟ್ಟಿಗೆ ಏಳುತ್ತಿದ್ದವು, ಚಿಕ್ಕದು ಸ್ವಲ್ಪ ತಡವಾಗಿ. ಎಷ್ಟು ಹೊತ್ತು ನಿಂತಿದ್ದೆನೋ, ಎರಡು ಬಸ್ಸಿನವರು ನನಗಾಗಿ ನಿಲ್ಲಿಸಿ ಹತ್ತುತ್ತೀರಾ ಎಂದು ಕೇಳಿದರು.

ಮನೆಗೆ ಬಂದು ಅದನ್ನು ಹೊಲಿದೆ. ರಜೆಯ ದಿನ ಅಕ್ಕನಿಗೆ ಬೇಜಾರಾಗಬಾರದಲ್ಲ.

“ಇದು ಯಾವ ಕೋಣೇಲಿದೆ?” ಎಂದಳು, ಮುಟ್ಟಿ.

“ಬಸ್‌ಸ್ಟಾಂಡ್ ಹಿಂದೆ.”

“ಅಲ್ಲಿ ಪ್ರದರ್ಶನಾನಾ?”

“ಇಲ್ಲ, ಬಟ್ಟೆ ಒಣಹಾಕಿದ್ರು.”

ಅಕ್ಕ ಇನ್ನೊಂದು ಸಲ ಮೊದಲಿನಿಂದ ಮುಟ್ಟಿ ನೋಡಿದಳು. “ಚಿಕ್ಕ ಅಂಗಿ ಯಾರದು?” ಎಂದಳು. ನನಗೆ ಗೊತ್ತಿಲ್ಲ ಎಂದೆ. “ಗೊತ್ತಿಲ್ದೇ ಇರೋದೇ ಒಳ್ಳೇದು,” ಎಂದು ಮುಸಿಮುಸಿ ನಕ್ಕಳು. ಅವಳು ಯಾಕೆ ನಕ್ಕಳೋ.

ಏಪ್ರಿಲ್ ೬, ಶನಿವಾರ

ಗುಳ್ಳೆ ಇಳಿಯುತ್ತಿದೆ. ಕಣ್ಣು ಮೇಲಿನಿಂದ ಬಿಡಿಸಿಕೊಳ್ಳುತ್ತಿದೆ ಎನ್ನುತ್ತಾಳೆ. ಮೇಲೊಂದು ಪಟ್ಟಿ ಬೆಳಕು, ಅದರ ಕೆಳಗೆ ಅಲುಗಾಡುವ ನೀರು. ಬೆಳಿಗ್ಗೆ ನನ್ನ ತಲೆಕೂದಲು ಕಂಡಿತಂತೆ. “ಇಷ್ಟು ಬೆಳ್ಳಗಾಗಿದೆಯಾ?” ಎಂದಳು. ಇಬ್ಬರೂ ನಕ್ಕೆವು. ನಾನು ಅಂಗಡಿಗೆ ಬಂದು ಸ್ವಲ್ಪ ಹೊತ್ತು ಅತ್ತೆ.

ಏಪ್ರಿಲ್ ೧೯, ಶುಕ್ರವಾರ

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ಬಿಟ್ಟು ನೋಡಿದರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. ಪರದೆ ನಿಂತಿದೆ, ಕತ್ತಲೆಯಾಗುವುದಿಲ್ಲ. ಆದರೆ ನಡುಭಾಗಕ್ಕೆ ಪೆಟ್ಟಾಗಿದೆ. ಓರೆಯಿಂದ ನೋಡಿದರೆ ಆಕಾರ, ಬಣ್ಣ, ಓಡಾಡುವಷ್ಟು ದಾರಿ ಕಾಣುತ್ತದೆ. ನೇರ ನೋಡಿದರೆ ನಡುವೆ ಒಂದು ಬೂದು ಮಚ್ಚೆ. ಅಕ್ಷರ, ಮುಖ, ಸಣ್ಣ ಗೆರೆ ಕಷ್ಟ.

“ಗೆರೆ ಎಳೆಯೋಕೆ ಆಗಲ್ವಾ?” ಎಂದಳು ಅಕ್ಕ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅಕ್ಕನೇ ಥ್ಯಾಂಕ್ಸ್ ಹೇಳಿ ಎದ್ದಳು.

ಬರುವಾಗ ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು. “ಪ್ರದರ್ಶನ ಭಾನುವಾರ ಮುಗಿಯುತ್ತೆ. ನಾಳೆ ಆ ಬೆಂಚಿನ ಚಿತ್ರ ನೋಡೋಣ.”

ನನಗೆ ಬೇರೆಯದೇ ಸಂಕಟ ಶುರುವಾಗಿದೆ. ನಾಳೆ ಬೆಳಿಗ್ಗೆ ಹೊರಡುವ ಮೊದಲೇ ಹೇಳಿಬಿಡಬೇಕು.

ಏಪ್ರಿಲ್ ೨೦, ಶನಿವಾರ

ಹೇಳಲಿಲ್ಲ. ಇಪ್ಪತ್ತೆರಡು ಮೆಟ್ಟಿಲಿನಲ್ಲಿ ಒಂದೊಂದರ ಮೇಲೂ ಹೇಳಲು ಬಾಯಿ ತೆರೆದೆ.

ಕಾವಲಿನಾಕೆ ಅಕ್ಕನನ್ನು ನೋಡಿ ಎದ್ದು ನಿಂತಳು. ಎಷ್ಟೋ ವರ್ಷದಿಂದ ಶನಿವಾರ ಬರುತ್ತಿದ್ದವಳು ಯಾಕೆ ಬರುತ್ತಿಲ್ಲ ಎಂದು ಅವಳೂ ಯೋಚಿಸುತ್ತಿದ್ದಳಂತೆ. ಟೇಪು ಸರ್‌ಗೆ ಇವರು ಅಕ್ಕ ಎಂದು ಗೊತ್ತೇ ಇರಲಿಲ್ಲವಂತೆ.

ಮೂರನೇ ಕೋಣೆಯಲ್ಲಿ ಅಕ್ಕ ಚಿತ್ರಕ್ಕೆ ಆರಡಿ ದೂರ ನಿಂತಳು. ನೇರ ನೋಡಿದಳು, ತಲೆ ಅಲ್ಲಾಡಿಸಿದಳು. ಆಮೇಲೆ ಕೋಳಿಯ ಹಾಗೆ ಕತ್ತು ಓರೆಮಾಡಿ ನೋಡಿದಳು. ಎರಡು ಹೆಜ್ಜೆ ಬಲಕ್ಕೆ, ಒಂದು ಹೆಜ್ಜೆ ಮುಂದಕ್ಕೆ. ಇಪ್ಪತ್ತು ನಿಮಿಷ ನಿಂತಳು. ನಾನು ಅವಳ ಬೆನ್ನ ಹಿಂದೆ ಬೆವರುತ್ತಾ ನಿಂತಿದ್ದೆ.

“ದೂರ ಕೂತಿದ್ದಾರೆ,” ಎಂದಳು.

“ಹೂಂ.”

“ನಡುವೆ ಜಾಗ ಇದೆ.”

“ಇದೆ ಅಕ್ಕ. ನಾನು ಕತ್ತರಿಸುವಾಗ ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದ್ದೆ. ಗಡಿಬಿಡೀಲಿ ಮಡಿಸಲಿಲ್ಲ. ಅದಕ್ಕೇ ಒರಗಿಬಿಟ್ರು.”

“ನಿಂಗೆ ಯಾವತ್ತು ಗೊತ್ತಾಯ್ತು?”

“ಎರಡು ದಿನ ಬಿಟ್ಟು.”

“ಯಾಕೆ ಹೇಳ್ಲಿಲ್ಲ?”

“ನೀನು ಎದ್ದು ಕೂತ್ಕೊಂಡುಬಿಡ್ತೀಯ ಅಂತ ಹೆದರಿದೆ.”

“ಕೂತ್ಕೊಂಡುಬಿಡ್ತಿದ್ದೆ ಕಣೋ,” ಎಂದಳು. “ಆ ಭಾನುವಾರ ನೀನು ಹೊರಗೆ ಹೋದ ತಕ್ಷಣ ಎದ್ದುಬಿಡೋಣ ಅಂತಲೇ ಇದ್ದೆ. ಕೈ ಇಳಿಬಿಟ್ಟಿದ್ದೆ ಅಷ್ಟೆ, ಇವರಿಬ್ಬರೂ ಸಿಕ್ಕಿದ್ರು.”

ಕ್ಷಮೆ ಕೇಳಲು ಹೋದೆ. ನನ್ನ ಮುಂಗೈಗೆ ಒಂದು ಏಟು ಕೊಟ್ಟಳು, ಶಾಲೆಯಲ್ಲಿ ಹುಡುಗರಿಗೆ ಕೊಡುತ್ತಿದ್ದ ಹಾಗೆ. “ಈ ಕಲಾವಿದೆ ಬರೆದಿರೋದು ಸರಿಯಾಗೇ ಇದೆ. ನಿಂದೂ ಸರಿಯಾಗಿದೆ. ಅದು ಬೇರೆ ಚಿತ್ರ.”

ಇಳಿಯುವಾಗ ಅವಳ ಮೊಣಕೈ ಹಿಡಿದುಕೊಂಡಿದ್ದೆ. ಕೊನೆಯ ಮೆಟ್ಟಿಲ ಹತ್ತಿರ ನಿಂತಳು. “ಇನ್ನು ನಾನು ಚಿತ್ರ ಬಿಡಿಸಲ್ಲ ಪುಟ್ಟ,” ಎಂದಳು, ನಾಳೆ ಹಾಲು ಬೇಡ ಎನ್ನುವ ದನಿಯಲ್ಲಿ. ಅವಳ ಅಳು ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಬಂತು. ಪಕ್ಕದಲ್ಲಿ ಕೂತಿದ್ದೆ, ಅಷ್ಟೆ.

ಏಪ್ರಿಲ್ ೨೪, ಬುಧವಾರ

ಹನಿ ದಿನಕ್ಕೆ ಎರಡು ಸಲ ಮಾತ್ರ ಈಗ. ಅಕ್ಕ ಊಟ ಮಾಡುತ್ತಾಳೆ, ರೇಡಿಯೋ ಕೇಳುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಪೆನ್ಸಿಲ್ಲುಗಳ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದ್ದಾಳೆ. ಬೈಯುವುದನ್ನೂ ಬಿಟ್ಟಿದ್ದಾಳೆ, ಅದೇ ನನಗೆ ಕಷ್ಟ.

ಏಪ್ರಿಲ್ ೨೮, ಭಾನುವಾರ

ಗ್ಯಾಲರಿಯ ಗೋಡೆಗಳೆಲ್ಲ ಖಾಲಿಯಾಗಿವೆ, ಹೋಗಲು ಜಾಗವಿಲ್ಲ. ಬೆಳಿಗ್ಗೆಯಿಂದ ಕತ್ತರಿಸುವ ಮೇಜಿನ ಮೇಲೆ ಒಂದು ಕೆಲಸ ಹರಡಿಕೊಂಡಿದ್ದೇನೆ. ಆ ಮೆಟ್ಟಿಲು. ಕಾರ್ಡ್ರಾಯ್ ಬಟ್ಟೆಯ ಉಬ್ಬುಗೆರೆಗಳನ್ನು ಅಡ್ಡಲಾಗಿಟ್ಟರೆ ಮೆಟ್ಟಿಲ ಮರ ಹಾಗೇ ಬರುತ್ತದೆ. ಕೆಳಗೆ ಬೀದಿಯ ಬೆಳಕಿಗೆ ಸ್ಯಾಟಿನ್ನು. ಮೇಲಿನಿಂದ ಇಬ್ಬರು ಇಳಿಯುತ್ತಿದ್ದಾರೆ. ಇದಕ್ಕೆ ಚಿಂದಿ ಸಾಲದೆ ಹೊಸ ಬಟ್ಟೆಯ ಥಾನಿನಿಂದಲೇ ಎರಡು ಗಜ ಕತ್ತರಿಸಿದೆ. ಮೂವರು ಗಿರಾಕಿಗಳು ಬಾಗಿಲು ತಟ್ಟಿ ಹೋದರಂತೆ. ಪಕ್ಕದ ಮನೆಯಾಕೆ ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಸಂಜೆ ಅಕ್ಕ ಚಹಾ ಲೋಟ ಹಿಡಿದು ಗೋಡೆ ಸವರಿಕೊಂಡು ಬಂದಳು. ಲೋಟವನ್ನು ಹೊಲಿಗೆಯ ಮಿಷಿನ್ನಿನ ಮೇಲಿಟ್ಟು, ಕೇಳದೆಯೇ ಮೇಜಿನ ಮೇಲೆ ಕೈ ಹಾಕಿದಳು. ಮೆಟ್ಟಿಲು ಎಣಿಸಿದಳು. ಇಬ್ಬರು ಸಿಕ್ಕಿದರು.

“ನಾನು ಯಾವುದು?”

“ಉಣ್ಣೆಯದು.”

“ಇಷ್ಟು ದಪ್ಪ ಇದ್ದೀನಾ?” ಎಂದಳು. ವಾರದ ಮೇಲೆ ಕೇಳಿದ ಮೊದಲ ಚುಚ್ಚುಮಾತು. ಆಮೇಲೆ ಉಣ್ಣೆಯ ಹೆಂಗಸನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು, ನಾನು ಇಟ್ಟಲ್ಲಿಂದ ಕೆಳಗಿನ ಮೆಟ್ಟಿಲಿಗೆ ಎಳೆದಳು. ಪಕ್ಕದವನನ್ನು ಅಲ್ಲೇ ಬಿಟ್ಟಳು. ಇಬ್ಬರ ನಡುವೆ ಈಗ ಒಂದು ಮೆಟ್ಟಿಲು ಬಂತು, ಆದರೆ ಅವನ ಕೈ ಚಾಚಿಕೊಂಡೇ ಇತ್ತು.

“ಇಲ್ಲಿ.”

“ಅಲ್ಲಿ ಬೇಡ ಅಕ್ಕ. ಬಿದ್ದುಹೋಗ್ತಾಳೆ.”

“ಬೀಳಲ್ಲ. ಮುಂದೆ ಹೋಗ್ತಿದ್ದಾಳೆ. ಹಿಂದಿರೋನು ಹಿಡ್ಕೋಬೇಕು ಅಂತಿದ್ದಾನೆ, ಅವಳಿಗೆ ಅದು ಬೇಡ. ಇನ್ನು ಆ ಬೆಳಕನ್ನ ಸ್ವಲ್ಪ ಮೇಲಕ್ಕೆ ತಾ. ಅಷ್ಟಲ್ಲ. ಕಡಿಮೆ. ಹಾಂ.”

ಬೆಳಕನ್ನು ಮೇಲಕ್ಕೆ ತಂದೆ. ಅದು ಸರಿಯಾಯಿತು. ಹೆಂಗಸಿನ ವಿಷಯದಲ್ಲಿ ನಾನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ನಾನು ಮೇಲಕ್ಕೆ ತಳ್ಳಿದೆ, ಅವಳು ಕೆಳಕ್ಕೆ ಎಳೆದಳು. ನನ್ನ ಮುಂಗೈಗೆ ಇನ್ನೊಂದು ಏಟು ಬಿತ್ತು. ಚಹಾ ಆರಿಹೋಯಿತು. ಹೊರಗೆ ಬೆಳಕು ಕಡಿಮೆಯಾಗಿ ನನಗೂ ಸೂಜಿಯ ಕಣ್ಣು ಕಾಣದಾಯಿತು.

“ನಾಳೆ ಬೆಳಕಲ್ಲಿ ಇನ್ನೊಂದು ಸಲ ನೋಡೋಣ,” ಎಂದೆ.

“ನೀನು ನೋಡ್ಕೋ,” ಎಂದಳು ಅಕ್ಕ, ಬಟ್ಟೆಯ ಮೇಲಿಂದ ಕೈ ತೆಗೆಯದೆ. “ನಾನು ನೋಡಿ ಆಯ್ತು.”